ಚೀನೀ ಕಲಿಯೋಕೆ ಭಾನುವಾರದ ಕ್ಲಾಸೋ, ಕಾಲೇಜೋ?

ಮೊದಲೇ ಹೇಳಿಬಿಡುತ್ತೇನೆ. ಚೀನೀ ಭಾಷೆಯ ಜೊತೆ ಅದರ ಸಾಹಿತ್ಯವನ್ನೂ ಓದುವ ಆಸೆ ಇದ್ದು, ಮೂರು-ನಾಲ್ಕು ವರ್ಷ ಕೊಡೋಕೆ ಆಗುತ್ತದೆ ಅನ್ನುವುದಾದರೆ ಕಾಲೇಜಿಗೇ ಸೇರಿ. ನಾನು ಎರಡೂ ಕಡೆ ಕೂತು ಕಲಿತವನು. ಮೊದಲು ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಹತ್ತು ತಿಂಗಳು ಭಾನುವಾರದ ಕ್ಲಾಸು. ಆಮೇಲೆ ಬಂಗಾಳದ ಶಾಂತಿನಿಕೇತನದಲ್ಲಿ, ವಿಶ್ವಭಾರತಿ ವಿಶ್ವವಿದ್ಯಾಲಯದ ಚೀನೀ ವಿಭಾಗವಾದ ಚೀನಾ ಭವನದಲ್ಲಿ ಬಿ.ಎ.

ತುಮಕೂರಿನಿಂದ ಪ್ರತಿ ಭಾನುವಾರ ಬೆಳಗಿನ ರೈಲು ಹಿಡಿದು ಬರುತ್ತಿದ್ದೆ. ಎರಡು ಹಂತ ಮುಗಿಸಿದೆ, ಎಚ್‌ಎಸ್‌ಕೆ (ಚೀನೀ ಕಲಿಯುವ ಹೊರಗಿನವರಿಗೆ ಚೀನಾದವರು ನಡೆಸುವ ಪರೀಕ್ಷೆ) ಎರಡನೇ ಹಂತದಲ್ಲಿ ಒಳ್ಳೇ ಅಂಕವೂ ಬಂತು. ಸರ್ಟಿಫಿಕೇಟು ನೋಡಿ ಅಮ್ಮ ಬೀದಿಯವರಿಗೆಲ್ಲ ಹೇಳಿದರು. ಆದರೆ ನಾನು ಬರೆದ ಆ ಪರೀಕ್ಷೆಗೆ ಬೇಕಿದ್ದದ್ದು 300 ಪದ. ಕೇಳುವುದು, ಓದುವುದು ಎರಡೇ ಭಾಗ. ಅಕ್ಷರದ ಜೊತೆಗೆ ಉಚ್ಚಾರವನ್ನೂ ಅಚ್ಚು ಹಾಕಿರುತ್ತಾರೆ. ಬಾಯಿ ಬಿಟ್ಟು ಒಂದು ಮಾತೂ ಆಡಬೇಕಿರಲಿಲ್ಲ. ನನ್ನ ಬಾಯಲ್ಲಿ ಏನು ತಪ್ಪಿತ್ತು ಅಂತ ಗೊತ್ತಾಗೋಕೆ ಅಲ್ಲಿ ದಾರಿಯೇ ಇರಲಿಲ್ಲ.

ಗೊತ್ತಾಗಿದ್ದು ಕಾಲೇಜಿನ ಮೊದಲ ವಾರ. ಪಾಠದ ಮೊದಲ ಸಾಲು ಓದು ಅಂದರು. ಅದರಲ್ಲಿ 'ಅಪ್ಪ' ಅನ್ನುವ ಪದ ಇತ್ತು. ನಾನು 'ಬಾಬಾ' ಅಂದೆ. ಮೇಷ್ಟ್ರು ನಿಲ್ಲಿಸಿ, ನೋಟ್‌ಬುಕ್ಕಿನಿಂದ ಒಂದು ತುಂಡು ಹಾಳೆ ಹರಿದು ನನ್ನ ಬಾಯಿಯ ಮುಂದೆ ಹಿಡಿದರು. 'ಪಾಪ' ಅನ್ನು, ಹಾಳೆ ಅಲ್ಲಾಡಬಾರದು ಅಂದರು. ಅಂದೆ, ಅಲ್ಲಾಡಲಿಲ್ಲ. ಅದು ಅಪ್ಪ. ಈಗ ಅದೇ 'ಪಾ'ವನ್ನು ಉಸಿರು ಒತ್ತಿ ಹೇಳು, ಹಾಳೆ ಹಾರಬೇಕು ಅಂದರು. ಹಾರಿತು. ಅದು ಹೆದರಿಕೆ. ಅಪ್ಪನಿಗೂ ಹೆದರಿಕೆಗೂ ನಡುವೆ ಇರುವುದು ಒಂದು ಉಸಿರು ಅಷ್ಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಕನ್ನಡದವರಿಗೆ ಇದು ಸುಲಭವಾಗಬೇಕಿತ್ತು. ಚೀನೀ ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪದ್ಧತಿಗೆ ಪಿನ್‌ಯಿನ್ ಅಂತ ಹೆಸರು, 1958ರಲ್ಲಿ ಜಾರಿಗೆ ಬಂದದ್ದು. ಅದರಲ್ಲಿ 'ಬಿ' ಅಕ್ಷರ ಬರೆದರೆ ಅದು ನಮ್ಮ ಬ ಅಲ್ಲ, ಪ. 'ಪಿ' ಬರೆದರೆ ಮಹಾಪ್ರಾಣ ಫ (ಫೋನಿನ ಫ ಅಲ್ಲ, ಫಲದ ಫ). 'ಜಿ' (g) ಬರೆದಲ್ಲಿ ಕ, 'ಕೆ' ಬರೆದಲ್ಲಿ ಖ. ಬ, ದ, ಗ ಆ ಭಾಷೆಯ ಪದದ ಮೊದಲಲ್ಲಿ ಇಲ್ಲವೇ ಇಲ್ಲ. ಬೀಜಿಂಗ್ ಅನ್ನುವುದು ಅವರ ಬಾಯಲ್ಲಿ 'ಪೆಯ್‌ಚಿಂಗ್'. ಅಲ್ಪಪ್ರಾಣ, ಮಹಾಪ್ರಾಣ ಅಂತ ನಾವು ಒಂದನೇ ಕ್ಲಾಸಿನಲ್ಲೇ ತಿದ್ದಿದ್ದೇವೆ ಅಲ್ವಾ? ಶ ಬೇರೆ, ಷ ಬೇರೆ ಅಂತಲೂ ಕಲಿತಿದ್ದೇವೆ. ಚೀನಿಯಲ್ಲಿ ಈ ಎರಡೂ ಬೇಕು, ಅದಲುಬದಲಾದರೆ ಪದವೇ ಬೇರೆಯಾಗುತ್ತದೆ.

ನಿಜ, ನಮ್ಮ ಆಡುಮಾತಿನಲ್ಲಿ ಮಹಾಪ್ರಾಣ ಸವೆದಿದೆ. ಧಾರವಾಡವನ್ನು 'ದಾರವಾಡ' ಅಂದುಬಿಡುತ್ತೇವೆ. ಆದರೂ ಕಾಗುಣಿತ ತಲೆಯಲ್ಲಿದೆ. ಭಾನುವಾರದ ಕ್ಲಾಸಿನಲ್ಲಿ ಎಲ್ಲವನ್ನೂ ಇಂಗ್ಲಿಷ್ ಅಕ್ಷರ ನೋಡಿ, ಇಂಗ್ಲಿಷ್ ಓದಿದ ಹಾಗೇ ಓದಿಸಿದರು. ಇಪ್ಪತ್ತೈದು ಜನ, ಎರಡು ಗಂಟೆ. ಒಬ್ಬೊಬ್ಬರ ಬಾಯಿ ನೋಡಿ ತಿದ್ದೋಕೆ ಯಾರಿಗೆ ಪುರುಸೊತ್ತು? ಹತ್ತು ತಿಂಗಳು ಗಟ್ಟಿ ಮಾಡಿಕೊಂಡ ತಪ್ಪನ್ನು ಬಿಡಿಸಿಕೊಳ್ಳೋಕೆ ನನಗೆ ಇಡೀ ಒಂದು ಸೆಮಿಸ್ಟರ್ ಹಿಡಿಯಿತು. ಕೊನೆಗೆ ಪದಗಳನ್ನೆಲ್ಲ ಕನ್ನಡದಲ್ಲೇ ಬರೆದುಕೊಂಡೆ. ಹೊಸದಾಗಿ ಶುರು ಮಾಡಿದ ಪಕ್ಕದವನು ನನಗಿಂತ ಬೇಗ ಮುಂದೆ ಹೋದ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಕಟ್ಟಿದ ದುಡ್ಡಿಗಲ್ಲ, ಈ ಸೆಮಿಸ್ಟರಿಗೆ.

ಸ್ವರದ ಏರಿಳಿತವನ್ನು ಎರಡೂ ಕಡೆ ಕಲಿಸಿದರು. 'ಮಾಯ್' ಅನ್ನುವುದನ್ನು ತಗ್ಗಿಸಿ ಹೇಳಿದರೆ ಕೊಳ್ಳುವುದು, ಮೇಲಿಂದ ಬೀಳಿಸಿದರೆ ಮಾರುವುದು. ಇದಕ್ಕೆ ದಿನಾ ಕೇಳಬೇಕು, ದಿನಾ ಹೇಳಬೇಕು. ವಾರಕ್ಕೊಂದು ಸಲ ಆಗುವ ಕೆಲಸ ಅಲ್ಲ.

ಅಕ್ಷರ ಬರೆಯೋಕೆ, ಪದ ನೆನಪಿಡೋಕೆ ಫೋನಿನ ಆಪ್ ಸಾಕು. ಪ್ಲೆಕೊ ಡಿಕ್ಷನರಿ ಇಲ್ಲದೆ ನಾನು ಒಂದು ದಿನವೂ ಓದಿಲ್ಲ.

ಸಾಹಿತ್ಯದ ವಿಷಯಕ್ಕೆ ಬಂದರೆ ಹೋಲಿಕೆಯೇ ಇಲ್ಲ. ಭಾನುವಾರದ ಕ್ಲಾಸು ಹೋಟೆಲು, ಏರ್‌ಪೋರ್ಟು, ಮೀಟಿಂಗು ದಾಟಲಿಲ್ಲ. ಹಳೇ ಚೀನೀ ಅನ್ನುವುದು ನಮ್ಮ ಹಳಗನ್ನಡದ ಹಾಗೆ. ಅಕ್ಷರ ಗೊತ್ತಿದ್ದರೂ ಅರ್ಥ ಬಿಟ್ಟುಕೊಡುವುದಿಲ್ಲ, ವ್ಯಾಕರಣ ಬೇರೆ. ಪಕ್ಕದಲ್ಲಿ ಕೂತು ಬಿಡಿಸಿ ಹೇಳುವವರು ಬೇಕು.

ಚೀನಾ ಭವನ ಶುರುವಾಗಿದ್ದು 1937ರಲ್ಲಿ. ರವೀಂದ್ರನಾಥ ಟ್ಯಾಗೋರರ ಆಸೆ, ಚೀನಾದ ವಿದ್ವಾಂಸ ತಾನ್ ಯುನ್-ಶಾನ್ ಅವರ ದುಡಿಮೆ. ಚೀನಾದಿಂದ ಬಂದ ಪುಸ್ತಕಗಳ ದೊಡ್ಡ ಭಂಡಾರವೇ ಅಲ್ಲಿದೆ. ಒಂದು ಮಧ್ಯಾಹ್ನ ಹ್ಯೂಯೆನ್ ತ್ಸಾಂಗ್ ತನ್ನ ಪ್ರವಾಸದ ಬಗ್ಗೆ 646ರಲ್ಲಿ ಮುಗಿಸಿದ ಪುಸ್ತಕ ತೆಗೆದು ಕೂತೆ. ಮೇಲಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಅಚ್ಚಾದ ಪುಟ. ಹನ್ನೊಂದನೇ ಭಾಗದಲ್ಲಿ ಒಬ್ಬ ರಾಜನ ಹೆಸರು, ನಾಲ್ಕು ಅಕ್ಷರ. ಬಿಡಿಬಿಡಿಯಾಗಿ ನೋಡಿದರೆ ತೇಪೆ, ಬಲೆ, ತಪಾಸಣೆ, ಮನೆ. ಅರ್ಥವೇ ಕೂಡಲಿಲ್ಲ. ಮೊದಲಿನ ನನ್ನ ಓದಿನಲ್ಲಾದರೆ ಅದು 'ಬು-ಲೊ-ಜಿ-ಷೆ' ಆಗಿ ಅಲ್ಲೇ ಬಿಟ್ಟು ಮುಂದೆ ಹೋಗುತ್ತಿದ್ದೆ. ಈಗ ತಿದ್ದಿಕೊಂಡ ಬಾಯಲ್ಲಿ ಮೆಲ್ಲಗೆ ಓದಿದೆ: ಪು-ಲೊ-ಚಿ-ಷೆ. ಆ ಮೂರನೆಯದನ್ನು ಆ ಕಾಲದಲ್ಲಿ 'ಕೆ' ಅನ್ನುವಂತೆ ಹೇಳುತ್ತಿದ್ದರು ಅಂತ ಮೇಷ್ಟ್ರು ಹೇಳಿದಾಗ ಮೈ ಜುಂ ಅಂದಿತು. ಪುಲಕೇಶಿ! ಹರ್ಷನಿಗೂ ಬಗ್ಗದ ರಾಜ ಅಂತಲೇ ಅಲ್ಲಿ ಬರೆದಿದೆ. 634ರ ಐಹೊಳೆ ಶಾಸನದಲ್ಲಿ ನಮ್ಮವರು ಹೇಳಿದ್ದನ್ನೇ ಚೀನಾದ ಒಬ್ಬ ಭಿಕ್ಷು ತನ್ನ ಅಕ್ಷರದಲ್ಲಿ ಬರೆದಿಟ್ಟಿದ್ದಾನೆ. ಆ ಪುಟವನ್ನು ನೋಟ್‌ಬುಕ್ಕಿಗೆ ಕೈಯಲ್ಲೇ ಇಳಿಸಿಕೊಂಡೆ.

ಇನ್ನು ಖರ್ಚು. ವಿಶ್ವಭಾರತಿ ಕೇಂದ್ರ ವಿಶ್ವವಿದ್ಯಾಲಯ, ಫೀಸು ದೊಡ್ಡದಲ್ಲ. ಊಟ, ರೂಮು, ರೈಲಿನದ್ದೇ ಜಾಸ್ತಿ. ಬೆಂಗಳೂರಿನಿಂದ ಹೌರಾ, ಅಲ್ಲಿಂದ ಬೋಲ್ಪುರ ಅಂದರೆ ವರ್ಷಕ್ಕೆ ಎರಡು ಸಲ ಊರಿಗೆ ಬರಬಹುದು, ಅಷ್ಟೇ. ಸೀಟಿಗೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ವಾರದ ರಜೆ ಬುಧವಾರ. ಮೇಷ್ಟ್ರನ್ನು 'ದಾ', ಮೇಡಂ ಅನ್ನು 'ದಿ' ಅಂತ ಕರೆಯುವ ರೂಢಿ. ಸುತ್ತಲೂ ಬಂಗಾಳಿ. ಮುದ್ದೆ, ಸಾರು ಇಲ್ಲದೆ ಮೊದಲ ಮೂರು ತಿಂಗಳು ತುಂಬಾ ಕಷ್ಟವಾಯಿತು. ದೆಹಲಿಯ ಜೆಎನ್‌ಯುನಲ್ಲೂ ಚೀನೀ ಬಿ.ಎ. ಆನರ್ಸ್ ಇದೆ, ಆದರೆ ದೆಹಲಿಯ ಖರ್ಚು ನಮ್ಮ ಮನೆಗೆ ಆಗುತ್ತಿರಲಿಲ್ಲ.

ಕೆಲಸಕ್ಕೆ ಹೋಗುವವರು, ಕಂಪನಿಯವರ ಜೊತೆ ನಾಲ್ಕು ಮಾತಾಡಿದರೆ ಸಾಕು ಅನ್ನುವವರು ಭಾನುವಾರದ ಕ್ಲಾಸಿಗೇ ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಫೀಸು ಕಟ್ಟುವ ಮೊದಲು ಒಂದು ತುಂಡು ಹಾಳೆ ಜೇಬಿನಲ್ಲಿಟ್ಟುಕೊಳ್ಳಿ. ಅಲ್ಲಿ ಕಲಿಸುವವರ ಹತ್ತಿರ 'ಅಪ್ಪ' ಮತ್ತು 'ಹೆದರಿಕೆ' ಎರಡನ್ನೂ ಹೇಳಿಕೊಡಿ ಅಂತ ಕೇಳಿ. ಹಾಳೆಯನ್ನು ನಿಮ್ಮ ಬಾಯಿಯ ಮುಂದೆ ಹಿಡಿದು ನೀವೂ ಹೇಳಿ. ಅವರು ಹಾಳೆ ಕಡೆ ನೋಡಿ ತಿದ್ದಿದರೆ ಕಟ್ಟಿ.