ಹಳೇ ರಾಕ್ ಬ್ಯಾಂಡಿಗೆ ಹೊಸಬರು: ತದ್ರೂಪಿ ಕಂಠವೋ, ಬೇರೆ ಕಂಠವೋ?

ಹಳೇ ಬ್ಯಾಂಡಿನಿಂದ ಒಬ್ಬರು ಹೋದಾಗ ಹೊಸಬರನ್ನು ಆರಿಸುವುದು ಹೇಗೆ? ಬಾಸ್ ಗಿಟಾರ್ ನುಡಿಸುವವರು ಬೇಕಿದ್ದರೆ ಆಡಿಷನ್ನೇ ವಾಸಿ, ಆತುರ ಬೇಡ. 2001ರಲ್ಲಿ ಬಾಸ್ ವಾದಕ ಜೇಸನ್ ನ್ಯೂಸ್ಟೆಡ್ ಬಿಟ್ಟ ಮೇಲೆ ಮೆಟಾಲಿಕಾ ಬ್ಯಾಂಡ್ ಮುಂದಿನ ಆಲ್ಬಮ್ಮಿಗೆ ನಿರ್ಮಾಪಕ ಬಾಬ್ ರಾಕ್ ಅವರಿಂದಲೇ ಬಾಸ್ ನುಡಿಸಿತು. ಹಲವರ ಜೊತೆ ನುಡಿಸಿ ನೋಡಿದ ಮೇಲೆ 2003ರಲ್ಲಿ ರಾಬರ್ಟ್ ಟ್ರುಹಿಯೋ ಬಂದರು; ಮುಂಗಡ 10 ಲಕ್ಷ ಡಾಲರ್!

ತಲೆನೋವು ಗಾಯಕರದ್ದು. ಹಿಂದಿನ ಗಾಯಕರಂಥದ್ದೇ ತದ್ರೂಪಿ ಕಂಠ ಸಿಕ್ಕರೆ ಹಳೇ ಹಾಡುಗಳನ್ನು ಮೂಲ ಶ್ರುತಿಯಲ್ಲೇ ಹಾಡಬಹುದು, ಟಿಕೆಟ್ಟೂ ಹೋಗುತ್ತದೆ. ಜರ್ನಿ ಬ್ಯಾಂಡಿನ ಗಿಟಾರ್ ವಾದಕ ನೀಲ್ ಶಾನ್ 2007ರಲ್ಲಿ ಯೂಟ್ಯೂಬಿನಲ್ಲಿ ಮನಿಲಾದ ಆರ್ನೆಲ್ ಪಿನೇಡಾ ಹಾಡಿದ್ದನ್ನು ಕೇಳಿದರು. ಆದರೂ ಅಮೆರಿಕಕ್ಕೆ ಕರೆಸಿ ಹಾಡಿಸಿಯೇ ಸೇರಿಸಿಕೊಂಡಿದ್ದು. ಅದೇ ಸರಿ. ವಿಡಿಯೊದಲ್ಲಿ ಒಂದು ಹಾಡು ಕೇಳುತ್ತದೆ, ಒಂದೂವರೆ ಗಂಟೆ ಹಾಡಿದ ಗಂಟಲು ಮರುದಿನ ಹೇಗಿರುತ್ತದೆಂದು ಗೊತ್ತಾಗುವುದಿಲ್ಲ. ಆಡಿಷನ್ನಿನಲ್ಲಿ ಅತಿ ಎತ್ತರದ ಹಾಡನ್ನು ಕೊನೆಗಿಡಿ, ಮಾರನೇ ದಿನ ಮತ್ತೆ ಹಾಡಿಸಿ.

ಬೇರೆ ಬಗೆಯ ಕಂಠ ಹೊಸ ಹಾಡುಗಳಿಗೆ ಒಳ್ಳೆಯದು. ಗಾಯಕ ಬಾನ್ ಸ್ಕಾಟ್ ತೀರಿಕೊಂಡ 1980ರಲ್ಲೇ ಎಸಿ/ಡಿಸಿ ಬ್ಯಾಂಡ್ ಹೊಸ ಗಾಯಕ ಬ್ರಯಾನ್ ಜಾನ್ಸನ್ ಜೊತೆ ಆಲ್ಬಮ್ ತಂದು ಗೆದ್ದಿತು. ಆದರೆ ಹಳೇ ಹಾಡುಗಳಿಗೆ ಕಷ್ಟ. ಐರನ್ ಮೇಡನ್ ಬ್ಯಾಂಡಿಗೆ 1994ರಲ್ಲಿ ಬಂದ ಬ್ಲೇಝ್ ಬೇಲಿಯದು ತಗ್ಗಿನ ಕಂಠ. ಹಿಂದಿನ ಗಾಯಕ ಬ್ರೂಸ್ ಡಿಕಿನ್ಸನ್ ಹಾಡುಗಳ ತಾರ ಸ್ವರಗಳಲ್ಲಿ ಒದ್ದಾಡಬೇಕಾಯಿತು. 1999ರಲ್ಲಿ ಡಿಕಿನ್ಸನ್ನರೇ ಮರಳಿದರು. ಇಂಥ ಕಂಠ ಆರಿಸಿದರೆ ಗಿಟಾರುಗಳ ಶ್ರುತಿಯನ್ನು ಅರ್ಧ ಸ್ವರ ಇಳಿಸಲು ಮೊದಲೇ ಒಪ್ಪಿಕೊಳ್ಳಿ. ಗಿಟಾರಿನವರ ಜಂಬಕ್ಕೆ ಗಾಯಕರ ಗಂಟಲು ಬಲಿಯಾಗಬಾರದು.

ಹಳೇ ಹಾಡುಗಳ ಪ್ರವಾಸವೇ ಹೊಟ್ಟೆಪಾಡಾದರೆ ತದ್ರೂಪಿ. ಹೊಸ ಆಲ್ಬಮ್ ನಿಜಕ್ಕೂ ಬರೆಯುವವರಿಗೆ ಮಾತ್ರ ಬೇರೆ ಬಗೆಯ ಕಂಠ.