ಸಿರಿಲ್: ನಕ್ಷತ್ರಗಳನ್ನು ಬದಿಗಿಟ್ಟು ನೀಹಾರಿಕೆಯನ್ನು ಬೆಳಗಿಸುವ ಉಚಿತ ತಂತ್ರಾಂಶ

ಕಳೆದ ಜನವರಿಯ ಅಮಾವಾಸ್ಯೆಯ ಆಸುಪಾಸಿನಲ್ಲಿ, ಬಸವನ ಬಾಗೇವಾಡಿ ಹತ್ತಿರ ನಮ್ಮ ಸೋದರಮಾವನ ಹಿಂಗಾರಿ ಜೋಳದ ಹೊಲದ ಬದುವಿನ ಮೇಲೆ ಟ್ರೈಪಾಡ್ ಊರಿ, ಮಹಾವ್ಯಾಧ ನಕ್ಷತ್ರಪುಂಜದ ಸೊಂಟಪಟ್ಟಿಯ ಕಡೆಗೆ ಕ್ಯಾಮೆರಾ ತಿರುಗಿಸಿ, ಒಂದೊಂದು ನಿಮಿಷದ 120 ಚಿತ್ರಗಳನ್ನು ತೆಗೆದೆ. “ಎರಡ್ ತಾಸ ಆತಲ್ಲೋ, ಇನ್ನೂ ಒಂದ ಫೋಟೋ ಮುಗೀಲಿಲ್ಲೇನು?” ಎಂದು ಮಾವ ಕೇಳಿದರು. “ಇಲ್ರೀ ಮಾಮಾ, ಖರೇ ಕೆಲಸ ಮನೀಗೆ ಹೋದ ಮ್ಯಾಲ ಶುರು” ಎಂದೆ. ವಿಜಯಪುರಕ್ಕೆ ಮರಳಿ ಆ ಕೆಲಸವನ್ನು, ಎಂದರೆ ಎಲ್ಲ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಒಂದೇ ಚಿತ್ರವಾಗಿ ತಿದ್ದುವುದನ್ನು, ನಾನು ಮಾಡಿದ್ದು ಸಿರಿಲ್ ಎಂಬ ಉಚಿತ, ಮುಕ್ತ ತಂತ್ರಾಂಶದಲ್ಲಿ.

ನನ್ನದು 18 ಮೆಗಾಪಿಕ್ಸೆಲ್‌ನ ಸಾಮಾನ್ಯ ಕ್ಯಾನನ್ ಕ್ಯಾಮೆರಾ, 135 ಮಿಲಿಮೀಟರ್ ಲೆನ್ಸ್ ಮತ್ತು ಆಕಾಶ ತಿರುಗಿದಂತೆ ಕ್ಯಾಮೆರಾವನ್ನೂ ತಿರುಗಿಸುವ ಒಂದು ಸಣ್ಣ ಟ್ರ್ಯಾಕರ್. ಇಂಥ ಕ್ಯಾಮೆರಾದ ಒಳಗಿನ ಫಿಲ್ಟರು ಹೈಡ್ರೋಜನ್ ಸೂಸುವ 656 ನ್ಯಾನೋಮೀಟರ್‌ನ ಕೆಂಪು ಬೆಳಕಿನ ಬಹುಪಾಲನ್ನು ತಡೆದುಬಿಡುವುದರಿಂದ, ಕುದುರೆ ತಲೆ ನೀಹಾರಿಕೆಯ ಹಿಂದಿನ ಕೆಂಪು ಪರದೆ ನನ್ನ ಚಿತ್ರಗಳಲ್ಲಿ ಇದ್ದೂ ಇಲ್ಲದಂತಿತ್ತು. 1888ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಗಾಜಿನ ಫಲಕದಲ್ಲಿ ವಿಲಿಯಮಿನಾ ಫ್ಲೆಮಿಂಗ್ ಗುರುತಿಸಿದ ಈ ಕಪ್ಪು ಆಕೃತಿಯ ಮಗ್ಗುಲಲ್ಲೇ ಅಲ್ನಿಟಾಕ್ ಎಂಬ ಪ್ರಖರ ನಕ್ಷತ್ರ ಕುಳಿತಿದೆ. ನೀಹಾರಿಕೆಯ ಮಬ್ಬು ಬೆಳಕನ್ನು ಎತ್ತಲು ಹೋದರೆ ಮೊದಲು ಉಬ್ಬುವುದು ಅದೇ.

ಉಬ್ಬುವುದೇಕೆಂದರೆ, ನಕ್ಷತ್ರವು ನಮ್ಮ ಪಾಲಿಗೆ ಒಂದು ಬಿಂದುವೇ ಆದರೂ ವಾತಾವರಣದ ಅದಿರಾಟದಿಂದಲೂ ಲೆನ್ಸಿನ ದೋಷಗಳಿಂದಲೂ ಅದು ಸೆನ್ಸರ್ ಮೇಲೆ ನಡುವೆ ಶಿಖರವಿದ್ದು ಸುತ್ತಲೂ ಇಳಿಜಾರಾಗಿ ಮಸುಕಾಗುವ ಗುಡ್ಡೆಯಂತೆ ಹರಡಿಕೊಳ್ಳುತ್ತದೆ. ಕಚ್ಚಾ ಚಿತ್ರದಲ್ಲಿ ಆ ಇಳಿಜಾರು ಕಣ್ಣಿಗೆ ಬೀಳುವುದಿಲ್ಲ. ನೀಹಾರಿಕೆಯ ಬೆಳಕು ಹಿನ್ನೆಲೆಗಿಂತ ಕೂದಲೆಳೆಯಷ್ಟೇ ಮೇಲಿರುವುದರಿಂದ ಮಬ್ಬಾದ ಭಾಗವನ್ನೆಲ್ಲ ಎಳೆದು ಎತ್ತಬೇಕಾಗುತ್ತದೆ. ಹಾಗೆ ಎತ್ತಿದಾಗ ನಕ್ಷತ್ರದ ಇಳಿಜಾರೂ ಜೊತೆಗೇ ಮೇಲೇರಿ, ಬಣ್ಣ ಕಳೆದುಕೊಂಡು, ಪಂಚಮಿಯ ಅಳ್ಳಿನಂತೆ ಬೆಳ್ಳಗೆ ಅರಳಿಬಿಡುತ್ತದೆ.

ಸಿರಿಲ್‌ನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. 2023ರಲ್ಲಿ ಬಂದ 1.2ನೇ ಆವೃತ್ತಿಯಿಂದ ಅದರೊಳಗಿನಿಂದಲೇ ಸ್ಟಾರ್‌ನೆಟ್ ಎಂಬ ಇನ್ನೊಂದು ತಂತ್ರಾಂಶವನ್ನು ಓಡಿಸಬಹುದು. ಅದನ್ನು ಬೇರೆಯಾಗಿ ಇಳಿಸಿಕೊಂಡು, ಎಲ್ಲಿದೆ ಎಂದು ಸಿರಿಲ್‌ಗೆ ತೋರಿಸಬೇಕಾದದ್ದು ಹೊಸಬರಿಗೆ ತುಸು ಕಿರಿಕಿರಿಯೇ. ಓಡಿಸಿದ ಮೇಲೆ ನಕ್ಷತ್ರಗಳಿಲ್ಲದ ಒಂದು ಚಿತ್ರವೂ ಬರೀ ನಕ್ಷತ್ರಗಳ ಇನ್ನೊಂದು ಚಿತ್ರವೂ ದೊರೆಯುತ್ತವೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಇದಕ್ಕೆ 11 ನಿಮಿಷ ಹಿಡಿಯಿತು. ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಿ ಓಡಿಸುವ ಆಯ್ಕೆಯಿಂದ ಸಣ್ಣ ನಕ್ಷತ್ರಗಳು ಇನ್ನೂ ಚೊಕ್ಕವಾಗಿ ಬೇರ್ಪಟ್ಟವು, ಆದರೆ ಮುಕ್ಕಾಲು ತಾಸು ಕಾಯಬೇಕಾಯಿತು. ಒಂದು ಮಾತನ್ನು ಮರೆಯಬಾರದು: ನಕ್ಷತ್ರ ತೆಗೆದ ಜಾಗದಲ್ಲಿ ಸ್ಟಾರ್‌ನೆಟ್ ತುಂಬುವುದು ಅಕ್ಕಪಕ್ಕ ನೋಡಿ ಮಾಡಿದ ಊಹೆಯೇ ಹೊರತು ಕ್ಯಾಮೆರಾ ಕಂಡದ್ದಲ್ಲ. ಬಣ್ಣ ಹೊಂದಿಸುವ ಕೆಲಸಕ್ಕೆ ನಕ್ಷತ್ರಗಳೇ ಆಧಾರವಾದ್ದರಿಂದ ಅದನ್ನು ಈ ಹಂತಕ್ಕೆ ಮೊದಲೇ ಮುಗಿಸಿಕೊಂಡಿರಬೇಕು.

ನಕ್ಷತ್ರಗಳಿಲ್ಲದ ಚಿತ್ರವನ್ನು ಎಳೆಯಲು, ಎಂದರೆ ಅದರ ಮಬ್ಬು ಭಾಗವನ್ನು ಬೆಳಗಿಸಲು, ನಾನು ಬಳಸಿದ್ದು ಸಿರಿಲ್‌ನಲ್ಲಿರುವ ಜನರಲೈಸ್ಡ್ ಹೈಪರ್‌ಬಾಲಿಕ್ ಸ್ಟ್ರೆಚ್. ನೀಹಾರಿಕೆಯ ಮಬ್ಬು ಭಾಗವನ್ನು ಆಯ್ದುಕೊಂಡು ಅದರ ಹೊಳಪಿನ ಮಟ್ಟವನ್ನೇ ಸಮಮಿತಿ ಬಿಂದುವಾಗಿ (ಸಿಮೆಟ್ರಿ ಪಾಯಿಂಟ್) ಇಟ್ಟರೆ, ಹೆಚ್ಚಿನ ಎಳೆತವೆಲ್ಲ ಆ ಮಟ್ಟದ ಸುತ್ತಲೇ ಬೀಳುತ್ತದೆ. ಮೇಲ್ಮಟ್ಟದ ಹೊಳಪನ್ನು ಕಾಯುವ ಗುಂಡಿಯನ್ನು ಸ್ವಲ್ಪ ಕೆಳಗಿಳಿಸಿದರೆ ಮಹಾವ್ಯಾಧನ ಖಡ್ಗದಲ್ಲಿರುವ ಎಂ42 ಎಂಬ ಪ್ರಖರ ನೀಹಾರಿಕೆಯ ನಡುಭಾಗ ಸುಟ್ಟು ಬೆಳ್ಳಗಾಗುವುದಿಲ್ಲ. ಒಂದೇ ಏಟಿಗೆ ಎಳೆಯದೆ ನಾಲ್ಕೈದು ಸಣ್ಣ ಹೆಜ್ಜೆಗಳಲ್ಲಿ ಎಳೆದಾಗ, ಮೂರನೆಯ ಹೆಜ್ಜೆಗೆ ಕುದುರೆಯ ಮೂತಿ ಮೂಡಿತು, ಐದನೆಯದಕ್ಕೆ ಕುತ್ತಿಗೆಯ ಹಿಂದಿನ ಕೆಂಪು ಹರಡಿತು. ಅದನ್ನು ನೋಡುತ್ತ ನಾನು ಹೊತ್ತು ಹೋದದ್ದನ್ನೇ ಮರೆತೆ.

ನನ್ನ ಕೈಯಿಂದಲೇ ಆದ ಎರಡು ಅನಾಹುತಗಳನ್ನೂ ಹೇಳಬೇಕು. ಊರಿನ ದೀಪಗಳ ಮಬ್ಬನ್ನು ಕಳೆಯುವಾಗ ಹಿನ್ನೆಲೆಯ ಮಾದರಿ ಚೌಕಗಳನ್ನು ಪರಿಶೀಲಿಸದೆ ಬಿಟ್ಟದ್ದರಿಂದ ಹಲವು ಚೌಕಗಳು ಮಹಾವ್ಯಾಧದಲ್ಲೇ ಇರುವ ಬರ್ನಾರ್ಡನ ವಲಯ ಎಂಬ ನೀಹಾರಿಕೆಯ ಮೇಲೆಯೇ ಬಿದ್ದು, ಆ ತೆಳು ಕಮಾನನ್ನೇ ನಾನು ಮಬ್ಬೆಂದು ಅಳಿಸಿಹಾಕಿದ್ದೆ. ಎರಡನೆಯದು ಡಿಸ್ಕಿನದು. 18 ಮೆಗಾಪಿಕ್ಸೆಲ್‌ನ ಬಣ್ಣದ ಚಿತ್ರ 32 ಬಿಟ್‌ನಲ್ಲಿ ಒಂದಕ್ಕೆ 216 ಎಂಬಿ ಆಗುತ್ತದೆ. 120 ಚಿತ್ರಗಳಿಗೆ ಸುಮಾರು 26 ಜಿಬಿ, ನಕ್ಷತ್ರಗಳು ಒಂದರ ಮೇಲೊಂದು ಬರುವಂತೆ ಸಾಲುಹೊಂದಿಸಿದ ಪ್ರತಿಗಳಿಗೆ ಮತ್ತೆ ಅಷ್ಟೇ. ಈ ಲೆಕ್ಕ ಹಾಕದೆ ಕುಳಿತ ನನಗೆ ನಡುರಾತ್ರಿ ಜಾಗ ಸಾಲದೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಲೆನ್ಸಿನ ಅಂಚಿನ ಕತ್ತಲೆ ಮತ್ತು ಧೂಳಿನ ಕಲೆಗಳನ್ನು ಕಳೆಯಲು ತೆಗೆಯುವ ಫ್ಲಾಟ್ ಚಿತ್ರಗಳು ಮಾತ್ರ ಚೆನ್ನಾಗಿ ಬಂದಿದ್ದವು. ಅವನ್ನು ಮಾವನ ಬಿಳಿ ಧೋತರದ ತುದಿಯನ್ನು ಎರಡು ಮಡಿಕೆ ಮಾಡಿ ಲೆನ್ಸಿಗೆ ಕಟ್ಟಿ, ನಸುಕಿನ ಆಕಾಶಕ್ಕೆ ಹಿಡಿದು ತೆಗೆದಿದ್ದೆ.

ಸಿರಿಲ್‌ನ ಪರದೆ ಮೊದಲ ನೋಟಕ್ಕೆ ಒರಟು. ಕೆಲಸದ ಫೋಲ್ಡರನ್ನು ಮೊದಲು ತೋರಿಸದಿದ್ದರೆ ಹಂತಗಳನ್ನು ತಾನಾಗಿ ನಡೆಸುವ ಸ್ಕ್ರಿಪ್ಟ್‌ಗಳು ನಡೆಯುವುದಿಲ್ಲ, ಚಿತ್ರಗಳನ್ನು ಇಡುವ ಉಪಫೋಲ್ಡರುಗಳ ಹೆಸರನ್ನೂ ಅಕ್ಷರ ತಪ್ಪದೆ ಕೊಡಬೇಕು. ಒಂದು ವಾರ ಕೈಯಾಡಿಸಿದರೆ ಅದು ಒಗ್ಗುತ್ತದೆ. ಹಣ ಕೊಟ್ಟು ಪಿಕ್ಸ್‌ಇನ್‌ಸೈಟ್ ಎಂಬ ಇಂಥದೇ ತಂತ್ರಾಂಶ ಕೊಳ್ಳುವ ಮೊದಲು ಒಂದು ಚಳಿಗಾಲವನ್ನಾದರೂ ಇದರಲ್ಲಿ ಕಳೆಯಿರಿ ಎಂದು ನಾನು ಹೇಳುವೆ.

ಕೊನೆಗೆ ಎರಡು ಚಿತ್ರಗಳನ್ನು ಕೂಡಿಸುವ ಸ್ಟಾರ್ ರೀಕಂಪೊಸಿಷನ್ ಕಿಟಕಿಯಲ್ಲಿ ನಕ್ಷತ್ರಗಳನ್ನು ಬೇರೆಯಾಗಿ, ಬಹಳ ಮೆಲ್ಲಗೆ ಎತ್ತಬಹುದು. ಪೂರ್ತಿ ಕುಗ್ಗಿಸಿದಾಗ ಆಕಾಶ ಬೋಳಾಗಿ, ಗೋಡೆಗೆ ಬಳಿದ ಬಣ್ಣದಂತೆ ಕಂಡಿತು; ಸೊಂಟಪಟ್ಟಿಯ ಮೂರು ತಾರೆಗಳ ನೀಲಿ ಛಾಯೆ ಉಳಿಯುವಷ್ಟಕ್ಕೆ ನಿಲ್ಲಿಸಿದೆ. ಅಲ್ನಿಟಾಕ್‌ನಂಥ ಪ್ರಖರ ನಕ್ಷತ್ರದ ಅಗಲವಾದ ಪ್ರಭೆಯನ್ನು ಸ್ಟಾರ್‌ನೆಟ್ ಪೂರ್ತಿ ಹಿಡಿಯಲಾರದು. ಮೂರು ಸಲ ಮಾಡಿ ನೋಡಿದರೂ ಅದರ ಮಗ್ಗುಲಿನ ಜ್ವಾಲೆ ನೀಹಾರಿಕೆಯ ಅಂಚಿನಲ್ಲಿ ಒಂದು ಬಿಳಿ ಮಚ್ಚೆ ಉಳಿಯಿತು. ಕುಂಚದಿಂದ ಅದನ್ನು ಒರೆಸಲು ಮನಸ್ಸಾಗದೆ ಹಾಗೆಯೇ ಬಿಟ್ಟಿದ್ದೇನೆ.