ಆರ್ಬಿಟ್ರೇಷನ್ನೋ, ಕೋರ್ಟೋ?

ಬೇರೆ ದೇಶದ ಕಂಪನಿ ಜೊತೆ ಒಪ್ಪಂದ ಮಾಡಿಕೊಳ್ಳುತ್ತಿದ್ದೀರಿ. ಜಗಳ ಬಂದರೆ ಎಲ್ಲಿ ಬಗೆಹರಿಸಿಕೊಳ್ಳೋದು, ಕೋರ್ಟಿನಲ್ಲೋ ಅಥವಾ ಆರ್ಬಿಟ್ರೇಷನ್‌ನಲ್ಲೋ (ಅಂದರೆ ಎರಡೂ ಪಕ್ಷಗಳು ಒಪ್ಪಿಕೊಂಡ ಖಾಸಗಿ ತೀರ್ಪುಗಾರರ, ಅಂದರೆ ಆರ್ಬಿಟ್ರೇಟರ್‌ಗಳ ಮುಂದೆ) ಅಂತ ಕೇಳಿದ್ದೀರಿ.

ನಾನು ಮೊದಲು ನೋಡೋದು ಗೆದ್ದ ಮೇಲೆ ಹಣ ಕೈಗೆ ಬರುತ್ತಾ ಅನ್ನೋದನ್ನ. 1958ರ ನ್ಯೂಯಾರ್ಕ್ ಒಪ್ಪಂದಕ್ಕೆ 170ಕ್ಕೂ ಹೆಚ್ಚು ದೇಶಗಳು ಸೇರಿವೆ. ಅದರ ಪ್ರಕಾರ ಒಂದು ದೇಶದಲ್ಲಿ ಕೊಟ್ಟ ಆರ್ಬಿಟ್ರೇಷನ್ ತೀರ್ಪನ್ನು ಸಾಮಾನ್ಯವಾಗಿ ಆ ದೇಶಗಳಲ್ಲೆಲ್ಲ ಜಾರಿ ಮಾಡಿಸಬಹುದು. ತಡೆಯೋಕೆ ಇರುವ ಕಾರಣಗಳು ಕೆಲವೇ. ಕೋರ್ಟ್ ತೀರ್ಪಿಗೆ ಅಷ್ಟು ದೇಶಗಳು ಸೇರಿರುವ ಇಂಥ ಒಪ್ಪಂದ ಇಲ್ಲ. ಎದುರಾಳಿಯ ಆಸ್ತಿ ಹೊರದೇಶದಲ್ಲಿದ್ದರೆ ಆರ್ಬಿಟ್ರೇಷನ್ ಮೇಲು. ಆಸ್ತಿ ಇರೋ ಊರಲ್ಲೇ ಒಳ್ಳೆ ಕೋರ್ಟ್ ಇದ್ದರೆ ಸುಮ್ನೆ ಸುತ್ತು ಯಾಕೆ?

ಖರ್ಚು? ಕೋರ್ಟಿನಲ್ಲಿ ಜಡ್ಜಿಗೆ ನೀವು ಸಂಬಳ ಕೊಡಲ್ಲ. ಆರ್ಬಿಟ್ರೇಟರ್‌ಗಳ ಫೀಸು, ಆರ್ಬಿಟ್ರೇಷನ್ ನಡೆಸಿಕೊಡುವ ಸಂಸ್ಥೆ ಇದ್ದರೆ ಅದರ ಫೀಸು ಎರಡೂ ಪಕ್ಷಗಳ ತಲೆ ಮೇಲೇ. ಮೂವರು ಕೂತರೆ ಇನ್ನೂ ಜಾಸ್ತಿ. ಚಿಕ್ಕ ಮೊತ್ತಕ್ಕೆ ಒಬ್ಬರೇ ಸಾಕು ಅಂತ ಮೊದಲೇ ಬರೆದುಕೊಳ್ಳಿ.

ಆರ್ಬಿಟ್ರೇಷನ್‌ನಲ್ಲಿ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ. ಬೇಗ ಮುಗಿಯಬೇಕು ಅನ್ನೋರಿಗೆ ಇದು ಅನುಕೂಲ. ತಪ್ಪು ತೀರ್ಪು ಬಂದರೆ ಮಾತ್ರ ಬಾಯಿ ಮುಚ್ಚಿಕೊಂಡು ಇರಬೇಕಾಗುತ್ತೆ. ಅದನ್ನು ತಡೆದುಕೊಳ್ಳೋಕಾಗದಿದ್ದರೆ ಕೋರ್ಟೇ ಸರಿ.

ಒಪ್ಪಂದಕ್ಕೆ ಸಹಿ ಹಾಕದ ಮೂರನೆಯವರನ್ನೂ ಎಳೆಯಬೇಕಾದಾಗಲೂ ಕೋರ್ಟೇ ಸುಲಭ. ವ್ಯಾಪಾರದ ಗುಟ್ಟು ಹೊರಬೀಳಬಾರದು ಅಂದರೆ ಖಾಸಗಿ ವಿಚಾರಣೆಯ ಆರ್ಬಿಟ್ರೇಷನ್. ಆದರೂ ಗೋಪ್ಯತೆಯ ಷರತ್ತನ್ನು ಬರೆಸಿಬಿಡಿ, ಎಲ್ಲ ದೇಶದಲ್ಲೂ ಅದು ತಾನಾಗಿ ಬರಲ್ಲ.

ವಕೀಲರ ಸಂಸ್ಥೆ ಹುಡುಕುವಾಗ ಕೋರ್ಟ್, ಆರ್ಬಿಟ್ರೇಷನ್ ಎರಡರಲ್ಲೂ ವಾದಿಸಿ ಗೊತ್ತಿರುವವರನ್ನೇ ಕೇಳಿ. ಒಂದೇ ಗೊತ್ತಿರುವವರು ಅದನ್ನೇ ಹೊಗಳುತ್ತಾರೆ, ಅಲ್ವಾ?